ಮದ್ದು ಹೊಡೆಯುವ ಮೊದಲು ಮಿಡತೆಯ ಮೀಸೆ ನೋಡಿರಿ



ಏಣೇಲು ಪೈರು ತೆನೆ ಹೊರಡುವ ಹೊತ್ತಿಗೆ ಗದ್ದೆಯ ಹುಣಿಯ ಮೇಲೆ ನಡೆದರೆ ಹಸಿರು ಮಿಡತೆಗಳು ನಾಲ್ಕೂ ಕಡೆಗೆ ಹಾರುತ್ತವೆ. ಇವೆಲ್ಲವನ್ನೂ ನಾವು ಮಿಡತೆ ಎಂದೇ ಕರೆಯುತ್ತೇವೆ. ಆದರೆ ಇವುಗಳಲ್ಲಿ ಎರಡು ಕುಲಗಳಿವೆ. ಒಂದು ಕುಲದವು ಪೈರನ್ನು ತಿನ್ನುತ್ತವೆ. ಇನ್ನೊಂದರಲ್ಲಿ ಪೈರಿನ ಶತ್ರುಗಳ ಮೊಟ್ಟೆಯನ್ನು ತಿನ್ನುವವೂ ಇವೆ. ಗುರುತಿಸದೆ ಮದ್ದು ಹೊಡೆದರೆ ಹಣವೂ ಹೋಯಿತು, ಕೂಲಿ ಬೇಡದ ಆಳೂ ಹೋಯಿತು.

ಗುರುತಿಸುವುದು ಸುಲಭ. ಒಂದನ್ನು ಹಿಡಿದು ನೋಡಿರಿ.

ಮೀಸೆ: ಮೀಸೆ ದಪ್ಪವಾಗಿ, ಮೈಗಿಂತ ಗಿಡ್ಡವಾಗಿದ್ದರೆ ಅದು ಪೈರು ತಿನ್ನುವ ಕುಲ. ನೂಲಿನಂತೆ ತೆಳ್ಳಗೆ, ಮೈಗಿಂತ ಉದ್ದವಾಗಿದ್ದರೆ ಅದು ಉದ್ದಮೀಸೆಯ ಮಿಡತೆ.

ಬಾಲ: ಉದ್ದಮೀಸೆಯ ಹೆಣ್ಣಿನ ಹಿಂಭಾಗದಲ್ಲಿ ಕತ್ತಿಯಂತಹ ಅಂಗವಿರುತ್ತದೆ. ಅದು ಕುಟುಕುವ ಮುಳ್ಳಲ್ಲ, ಮೊಟ್ಟೆಯಿಡುವ ಅಂಗ. ಹೆದರಬೇಕಾಗಿಲ್ಲ.

ದನಿ: ಗಂಡು ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಕೂಗುತ್ತದೆ. ಕೇಳುವ ಕಿವಿ ಮುಂಗಾಲಿನಲ್ಲಿದೆ!

ಉದ್ದಮೀಸೆಯವುಗಳಲ್ಲಿಯೂ ಹಲವು ಜಾತಿಗಳುಂಟು. ಗದ್ದೆಯಲ್ಲಿರುವುದು ಕೊನೊಸೆಫಾಲಸ್, ಓರೆ ಮುಖ, ಹಸಿರು ಮೈ, ಮೈಯ ಎರಡರಷ್ಟಕ್ಕೂ ಮಿಕ್ಕಿದ ಮೀಸೆ. ಕಾಂಡ ಕೊರೆಯುವ ಹುಳು ಮತ್ತು ತೆನೆ ತಿಗಣೆಯ ಮೊಟ್ಟೆಗಳನ್ನೂ ಜಿಗಿಹುಳುವಿನ ಮರಿಗಳನ್ನೂ ಇದು ತಿನ್ನುತ್ತದೆ. ತಾನೂ ಅಷ್ಟಿಷ್ಟು ಎಲೆ ಕಡಿಯುವುದುಂಟು. ಆದರೆ ಅಷ್ಟಕ್ಕೇ ಮದ್ದು ಹೊಡೆಯುವುದು ತರವಲ್ಲ. ಪೊದೆಗಳಲ್ಲಿ ಎಲೆಯಂತೆಯೇ ಕಾಣುವ ಮೆಕೊಪೋಡ ಇರುತ್ತದೆ. ಕೆಲವು ಹಸಿರೆಲೆಯಂತೆ, ಕೆಲವು ತರಗೆಲೆಯಂತೆ. ಹಲಸಿನ ಮರದ ಮೇಲಿನಿಂದ ರಾತ್ರಿ ತಗ್ಗಿದ ದನಿಯಲ್ಲಿ ಕೂಗುವುದು ಒನೊಮಾರ್ಕಸ್.

ಬೆಳ್ತಂಗಡಿಯ ಬಡಗಲಿಗೆ ಕಾಣುವ ಕುದುರೆಮುಖದ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇಂತಹ ಕೀಟಗಳ ಕೂಗನ್ನು ಜಾತಿವಾರು ಬೇರ್ಪಡಿಸಿ, ಯಾವುದು ಯಾವ ಹೊತ್ತಿಗೆ ಕೂಗುತ್ತದೆಂದು 2007ರಲ್ಲಿ ಪ್ರಕಟಿಸಿದ್ದಾರೆ. ಕಣ್ಣಿಗೆ ಬೀಳದ್ದನ್ನು ಕಿವಿಯಿಂದ ಗುರುತಿಸಬಹುದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ನೀವು ಮಾಡಬೇಕಾದುದು ಇಷ್ಟು. ವಾರಕ್ಕೊಮ್ಮೆ ಗದ್ದೆಗೆ ಸುತ್ತು ಹಾಕಿ, ಹತ್ತು ಮಿಡತೆ ಹಿಡಿದು ಮೀಸೆ ನೋಡಿ ಲೆಕ್ಕ ಹಾಕಿರಿ. ಉದ್ದಮೀಸೆಯವೇ ಹೆಚ್ಚಿದ್ದರೆ ಪಂಪು ಕೆಳಗಿಡಿರಿ. ಗಿಡ್ಡಮೀಸೆಯವೇ ಹೆಚ್ಚಾಗಿ ಎಲೆಗಳು ಬೋಳಾಗುತ್ತಿದ್ದರೆ, ಕೆಲವನ್ನು ಬಾಟಲಿಯಲ್ಲಿ ಹಾಕಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಲಹೆ ಕೇಳಿರಿ. ಗಿಡ್ಡಮೀಸೆಯ ಹಲವು ಜಾತಿಗಳು ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಬೇಸಗೆಯಲ್ಲಿ ಹುಣಿ ಕೆತ್ತಿದರೆ ಅವು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ನಾಶವಾಗುತ್ತವೆ. ಅದಕ್ಕೆ ಮದ್ದಿನ ಖರ್ಚಿಲ್ಲ.

ಮೊದಲು ಮೀಸೆ, ಆಮೇಲೆ ಮದ್ದಿನ ಮಾತು. ಮನೆಯ ಮಕ್ಕಳಿಗೂ ಇದನ್ನು ಕಲಿಸಿರಿ.