ಮ್ಯಾಕ್‌ನ ಪರಕಾಯ ಪ್ರವೇಶ

ಕೃಷ್ಣಾ ನದಿಯ ನೀರು ಇಂಡಿ ತಾಲ್ಲೂಕಿನ ಹೊಲವೊಂದನ್ನು ಮುಟ್ಟಬೇಕಾದರೆ ಎಷ್ಟು ಕೈ ದಾಟಬೇಕೆಂಬುದನ್ನು ಆ ಸೀಮೆಯ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದುದಿಲ್ಲ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ, 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟಿನಿಂದ ಹೊರಟ ನೀರು ಮುದ್ದೇಬಿಹಾಳ ತಾಲ್ಲೂಕಿನ ಅಂಚನ್ನು ಸವರಿಕೊಂಡು ನಾರಾಯಣಪುರದ ಬಸವಸಾಗರವನ್ನು ಸೇರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ. ಅದರಿಂದ ಒಡೆದು ಸಿಂದಗಿಯತ್ತ ಸಾಗುವ ಇಂಡಿ ಶಾಖಾ ಕಾಲುವೆ. ಆ ಮೇಲೆ ಹಂಚುಗಾಲುವೆ, ಹೊಲಗಾಲುವೆ. ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ಅನುಭವವುಳ್ಳ ರೈತನು ಹೊಲದಲ್ಲಿಯೇ ನಿಂತು ಗೋಳಾಡುವುದಿಲ್ಲ. ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆಯುತ್ತಾನೆ. ನೀರು ಕಂಡ ಕೊನೆಯ ತೂಬು ಯಾವುದೋ ಅದರ ಕೆಳಗೇ ಕೆಡುಕಿರಬೇಕು.

ಗುಂಡಿ ಒತ್ತಿದ ಗಣಕಯಂತ್ರವು ಎಚ್ಚರಗೊಳ್ಳುವ ಬಗೆಯೂ ಇಂಥದೇ. ಅಲ್ಲಿಯೂ ಕೆಲಸವು ಕೈಯಿಂದ ಕೈಗೆ ದಾಟುತ್ತದೆ. ಮದರ್‌ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ಬರೆದಿಟ್ಟ ಫರ್ಮ್‌ವೇರ್ ಮೊದಲು ಕಣ್ಣು ತೆರೆಯುತ್ತದೆ. ಅದು ಬೂಟ್ ಲೋಡರ್ ಎಂಬ ಚಿಕ್ಕ ಕ್ರಮವಿಧಿಯನ್ನು ಹುಡುಕಿ ಓಡಿಸುತ್ತದೆ. ಬೂಟ್ ಲೋಡರು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲನ್ನು ನೆನಪಿನ ಕೋಶಕ್ಕೆ ತಂದಿಟ್ಟು ತಾನು ಹಿಂದೆ ಸರಿಯುತ್ತದೆ. ಕರ್ನೆಲು ತನ್ನ ಡ್ರೈವರುಗಳನ್ನು ಎಬ್ಬಿಸಿ ತಟ್ಟೆ, ತೆರೆ, ಕೀಲಿಮಣೆಗಳನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಇವುಗಳಲ್ಲಿ ಯಾವುದೊಂದು ಕೈ ತಪ್ಪಿದರೂ ನಮಗೆ ಕಾಣುವುದು ಒಂದೇ: ಕಪ್ಪು ತೆರೆ.

ಕಳೆದ ಬೇಸಿಗೆಯಲ್ಲಿ ಸಿಂದಗಿಯ ಪದವಿ ವಿದ್ಯಾರ್ಥಿಯೊಬ್ಬನು ಇಂಥ ಕಪ್ಪು ತೆರೆಯನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬಂದನು. ಐಫೋನಿಗೆ ಕ್ರಮವಿಧಿ ಬರೆಯುವುದನ್ನು ಕಲಿಯಬೇಕೆಂಬುದು ಅವನ ಆಸೆ. ಅದಕ್ಕೆ ಬೇಕಾದ ಎಕ್ಸ್‌ಕೋಡ್ ಎಂಬ ಸಾಧನವು ಆಪಲ್ ಕಂಪನಿಯ ಮ್ಯಾಕ್ ವ್ಯವಸ್ಥೆಯಲ್ಲಲ್ಲದೆ ಬೇರೆಡೆ ಓಡುವುದಿಲ್ಲ. ಮ್ಯಾಕ್ ಕೊಳ್ಳುವ ಹಣ ಅವನಲ್ಲಿರಲಿಲ್ಲ. ಬಿಡಿಭಾಗಗಳನ್ನು, ಕೆಲವನ್ನು ಹಳೆಯದಾಗಿಯೇ, ಒಂದೊಂದಾಗಿ ತಂದು ಜೋಡಿಸಿದ್ದ ಯಂತ್ರದಲ್ಲಿ ಮ್ಯಾಕ್ ವ್ಯವಸ್ಥೆಯನ್ನು ಕೂರಿಸಲು ಮೂರು ವಾರ ಹೆಣಗಿದ್ದನು. ಜಗತ್ತಿನ ಹವ್ಯಾಸಿಗಳು ಇಂಥ ಯಂತ್ರಕ್ಕೆ ಹ್ಯಾಕಿಂಟಾಷ್ ಎಂದು ಹೆಸರಿಟ್ಟಿದ್ದಾರೆ. ಅವನು ಏಳು ಸಾರಿ ಅಳಿಸಿ ಏಳು ಸಾರಿ ಹಾಕಿದ್ದನು. ಸರಿಹೋಗದಿದ್ದರೆ ಬಿಡಿಭಾಗಗಳನ್ನು ಬಂದ ಬೆಲೆಗೆ ಮಾರಿಬಿಡುವ ಯೋಚನೆಯೂ ಅವನಿಗಿತ್ತು.

“ಇನ್ನೊಮ್ಮೆ ಹೊಳ್ಳಿ ಹಾಕೂಣೇನ್ರೀ ಸರ?” ಎಂದನು.

“ಯಾವ ಸಾಲಿಗೆ ನಿಂತಿತಪ್ಪ?” ಎಂದು ನಾವು ಕೇಳಿದೆವು. ಅವನಿಗೆ ಗೊತ್ತಿರಲಿಲ್ಲ. ಸೇಬಿನ ಚಿತ್ರವನ್ನು ಮಾತ್ರ ನೋಡಿದ್ದನು.

ಸೇಬಿನ ಚಿತ್ರವು ಒಂದು ಪರದೆ. ಅದರ ಹಿಂದೆ ನಡೆಯುವುದನ್ನು ಅದು ಮರೆಮಾಡುತ್ತದೆ. ಬೂಟ್ ಲೋಡರಿಗೆ ಒಂದು ಚಿಕ್ಕ ಸೂಚನೆ ಕೊಟ್ಟರೆ ಚಿತ್ರದ ಬದಲು ಸಾಲುಸಾಲಾಗಿ ವರದಿ ಹರಿಯತೊಡಗುತ್ತದೆ. ನಿಂತ ಸಾಲೇ ನಮ್ಮ ಕೊನೆಯ ತೂಬು. ಇಷ್ಟು ಮಾಡದೆ ಮತ್ತೆ ಮತ್ತೆ ಅಳಿಸಿ ಹಾಕುವುದು ಹೊಲದಲ್ಲಿ ನಿಂತು ಗೋಳಾಡಿದಂತೆಯೇ ಎಂದು ನಮ್ಮ ಅಭಿಪ್ರಾಯ.

ಪರಯಂತ್ರದಲ್ಲಿ ಮ್ಯಾಕ್ ಓಡುವುದಾದರೂ ಹೇಗೆ? 2005ರ ಜೂನ್ ತಿಂಗಳಲ್ಲಿ ಸ್ಟೀವ್ ಜಾಬ್ಸ್ ಅವರು ಆಪಲ್ ಕಂಪನಿಯು ಪವರ್‌ಪಿಸಿ ಸಂಸ್ಕಾರಕವನ್ನು ತೊರೆದು ಇಂಟೆಲ್ ಸಂಸ್ಕಾರಕಕ್ಕೆ ಬದಲಾಗುವುದೆಂದು ಸಾರಿದರು. 2006ರ ಜನವರಿಯಲ್ಲಿ ಅಂಥ ಮೊದಲ ಯಂತ್ರಗಳು ಬಂದವು. ಅಂದಿನಿಂದ ಮ್ಯಾಕ್‌ನ ಒಳಗಿನ ಮಿದುಳೂ ಅಂಗಡಿಯಲ್ಲಿ ಸಿಗುವ ಮಿದುಳೂ ಒಂದೇ ಜಾತಿಯವಾದವು. ಆದರೆ ದೇಹ ಬೇರೆ. ಆಪಲ್ ಕಂಪನಿಯು ತನ್ನ ವ್ಯವಸ್ಥೆಯನ್ನು ತಾನೇ ಕಟ್ಟಿದ ಕೆಲವೇ ಯಂತ್ರಗಳಿಗಾಗಿ ಬರೆಯುತ್ತದೆ. ವಿಂಡೋಸಿನಂತೆ ಸಿಕ್ಕಸಿಕ್ಕ ಯಂತ್ರದೊಡನೆ ಹೊಂದಿಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ಯಂತ್ರದಲ್ಲಿ ಏನೇನಿದೆಯೆಂಬ ಪಟ್ಟಿಯನ್ನು ಫರ್ಮ್‌ವೇರ್ ಒಪ್ಪಿಸುತ್ತದಷ್ಟೆ. ಆ ಪಟ್ಟಿಗೆ ಎಸಿಪಿಐ ಕೋಷ್ಟಕಗಳೆಂದು ಹೆಸರು. ಪಟ್ಟಿ ತನಗೆ ರೂಢಿಯಾದ ರೀತಿಯಲ್ಲಿಲ್ಲದಿದ್ದರೆ ಮ್ಯಾಕ್ ಕಂಗಾಲಾಗುತ್ತದೆ. ಓಪನ್‌ಕೋರ್ ಎಂಬ ಬೂಟ್ ಲೋಡರು ನಡುವೆ ನಿಂತು ದುಭಾಷಿಯ ಕೆಲಸ ಮಾಡುತ್ತದೆ. ಪಟ್ಟಿಯನ್ನು ತಿದ್ದಿ, ಇಲ್ಲದ ಕೆಲವು ಅಂಗಗಳನ್ನು ಇದ್ದಂತೆ ತೋರಿಸಿ, ಈ ದೇಹ ನಿನ್ನದೇ ಎಂದು ಮ್ಯಾಕನ್ನು ನಂಬಿಸುತ್ತದೆ.

ನಮ್ಮ ಹುಡುಗನು ದುಭಾಷಿಗೆ ಕೊಡಬೇಕಾದ ಸೂಚನೆಗಳ ಕಡತವನ್ನು ಬೇರೆಯವರ ಯಂತ್ರದಿಂದ ನಕಲು ಮಾಡಿಕೊಂಡಿದ್ದನು. ವರದಿಯು ‘ಎಕ್ಸಿಟ್‌ಬಿಎಸ್’ ಎಂಬ ಸಾಲಿಗೆ ನಿಂತಿತು. ಬೂಟ್ ಲೋಡರು ಫರ್ಮ್‌ವೇರಿಗೆ ವಿದಾಯ ಹೇಳಿ ಕರ್ನೆಲಿಗೆ ಅಧಿಕಾರ ಒಪ್ಪಿಸುವ ಕ್ಷಣವದು. ಅಲ್ಲಿ ನಿಂತರೆ ನೆನಪಿನ ಕೋಶದ ನಕ್ಷೆಯಲ್ಲಿ ತಪ್ಪಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಅವನ ಮದರ್‌ಬೋರ್ಡಿಗೆ ತಕ್ಕ ಸೂಚನೆಗಳನ್ನು ಹೊಸದಾಗಿ ಬರೆದೆವು; ಆ ತೂಬು ತೆರೆಯಿತು.

ಮುಂದಿನದು ಹೆಚ್ಚು ಸ್ವಾರಸ್ಯದ್ದು. ಸಾಲುಗಳು ಭರದಿಂದ ಹರಿದು, ಕೊನೆಗೆ ವೃತ್ತದೊಳಗೊಂದು ಅಡ್ಡಗೆರೆ ಮೂಡಿತು. ಮೂಲ ತಟ್ಟೆಗಾಗಿ ಕಾಯುತ್ತಿದ್ದೇನೆ ಎಂಬುದು ಅದರ ಕೆಳಗಿನ ದೂರು. ವಿಚಿತ್ರವಲ್ಲವೇ? ಕರ್ನೆಲು ಬಂದದ್ದೇ ಪೆನ್ ಡ್ರೈವಿನಿಂದ, ಆ ಪೆನ್ ಡ್ರೈವು ಇನ್ನೂ ಕಿಂಡಿಯಲ್ಲಿಯೇ ಇದೆ, ಅದೇ ಕಾಣುವುದಿಲ್ಲವೆಂದರೆ!

ಕಾರಣವಿಷ್ಟು. ಮೊದಲು ಪೆನ್ ಡ್ರೈವನ್ನು ಓದಿದ್ದು ಫರ್ಮ್‌ವೇರ್. ಅಧಿಕಾರ ಬದಲಾದ ಮೇಲೆ ಕರ್ನೆಲು ತನ್ನ ಸ್ವಂತ ಯುಎಸ್‌ಬಿ ಡ್ರೈವರಿನಿಂದಲೇ ಓದಬೇಕು. ಮ್ಯಾಕ್ ವ್ಯವಸ್ಥೆಯಲ್ಲಿ ಯುಎಸ್‌ಬಿ ಸಾಧನದ ವಿಳಾಸದೊಳಗೆ ಒಂದು ಕಿಂಡಿಯ ಸಂಖ್ಯೆಗೆ ಮೀಸಲಾದ ಜಾಗ ನಾಲ್ಕು ಬಿಟ್‌ಗಳು ಮಾತ್ರ. ನಾಲ್ಕು ಬಿಟ್‌ಗಳಲ್ಲಿ 16 ಸಂಖ್ಯೆಗಳನ್ನು ಬರೆಯಬಹುದು. ಸೊನ್ನೆಯನ್ನು ಬಿಟ್ಟರೆ ಉಳಿಯುವವು 15. ಆದುದರಿಂದ ಒಂದು ನಿಯಂತ್ರಕದಲ್ಲಿ 15ಕ್ಕಿಂತ ಹೆಚ್ಚಿನ ಕಿಂಡಿಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟೊಂದು ಕಿಂಡಿಗಳು ಎಲ್ಲಿವೆ ಎಂದು ಓದುಗರು ಕೇಳಬಹುದು. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯ ಒಳಗೆ ಒಂಬತ್ತು ಸಂಪರ್ಕಗಳಿರುತ್ತವೆ: ಹಳೆಯ ವೇಗಕ್ಕೆ ನಾಲ್ಕು, ಹೊಸ ವೇಗಕ್ಕೆ ಐದು. ಕಣ್ಣಿಗೆ ಒಂದಾಗಿ ಕಂಡರೂ ವ್ಯವಸ್ಥೆಯ ಲೆಕ್ಕದಲ್ಲಿ ಅದು ಎರಡು. ಸಾಲದುದಕ್ಕೆ, ತಯಾರಕರು ಹೊರಗೆ ಇಲ್ಲದ ಕಿಂಡಿಗಳನ್ನೂ ಪಟ್ಟಿಯಲ್ಲಿ ಬರೆದಿರುವುದುಂಟು. ಪಟ್ಟಿಯಲ್ಲಿ ಹಳೆಯ ವೇಗದವು ಮೊದಲು, ಹೊಸ ವೇಗದವು ಅನಂತರ. ಹದಿನೈದು ತುಂಬುವ ಹೊತ್ತಿಗೆ ಹೊಸ ವೇಗದವು ಹೊರಗುಳಿದಿರುತ್ತವೆ. ನಮ್ಮ ಪೆನ್ ಡ್ರೈವು ಮಾತನಾಡುತ್ತಿದ್ದುದು ಹೀಗೆ ಹೊರಗುಳಿದ ತಂತಿಗಳ ಮೇಲೆಯೇ. ಕಿತ್ತು, ಹಿಂಬದಿಯ ಕಪ್ಪು ಬಣ್ಣದ ಯುಎಸ್‌ಬಿ 2 ಕಿಂಡಿಗೆ ಹಾಕಿದೆವು. ಅಷ್ಟೆ. ಹುಡುಗನು ನಗಲೋ ಅಳಲೋ ಎಂಬಂತೆ ನಮ್ಮನ್ನು ನೋಡಿದನು.

ಆದರೂ ಕೆಲಸ ಮುಗಿಯಲಿಲ್ಲ. ವ್ಯವಸ್ಥೆಯ ಉಳಿದ ಭಾಗವನ್ನು ಅಂತರಜಾಲದಿಂದ ಇಳಿಸಿಕೊಳ್ಳುವಾಗ, ಸರ್ವರಿನ ಸಂಪರ್ಕ ಸಾಧ್ಯವಿಲ್ಲ ಎಂಬ ಸಂದೇಶ ಬಂದಿತು. ಇದು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ, ಮೊದಲೂ ಹೀಗಾಗಿತ್ತು ಎಂದನು. ಇಂಥ ಬಂದುಹೋಗುವ ಕೆಡುಕೇ ಎಲ್ಲಕ್ಕಿಂತ ಕಷ್ಟದ್ದು. ಯಾವ ದಿನ ಬಂದಿತ್ತೆಂದು ವಿಚಾರಿಸಿದಾಗ, ಕರೆಂಟು ಹೋಗಿ ಬಂದ ದಿನಗಳೆಲ್ಲ ಅದರಲ್ಲಿ ಸೇರಿದ್ದವು. ಯಂತ್ರದ ಗಡಿಯಾರವನ್ನು ನೋಡಿದೆವು: ಹಲವು ವರ್ಷ ಹಿಂದಿನ ತಾರೀಖು! ಹಳೆಯ ಮದರ್‌ಬೋರ್ಡಿನ ಮೇಲಿದ್ದ, ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಸತ್ತುಹೋಗಿತ್ತು. ಗೋಡೆಯ ಕರೆಂಟು ಇರುವ ತನಕ ಗಡಿಯಾರ ನಡೆಯುವುದು. ಹೋದೊಡನೆ ಮೊದಲ ದಿನಕ್ಕೆ ಮರಳುವುದು. ಸರ್ವರಿನ ಗುರುತುಪತ್ರಕ್ಕೆ ಆರಂಭದ ತಾರೀಖು, ಮುಗಿಯುವ ತಾರೀಖು ಎರಡೂ ಇರುತ್ತವೆ. ಹಿಂದಿನ ಕಾಲದಲ್ಲಿ ನಿಂತ ಯಂತ್ರಕ್ಕೆ ಆ ಪತ್ರವು ಇನ್ನೂ ಹುಟ್ಟಿಯೇ ಇಲ್ಲ; ಆದುದರಿಂದ ಅದನ್ನು ಸುಳ್ಳೆಂದು ತಳ್ಳಿಬಿಡುತ್ತದೆ. ಹೊಸ ಬ್ಯಾಟರಿ ಹಾಕಿ ತಾರೀಖು ತಿದ್ದಿದೆವು.

ಚಿತ್ರಕ್ಕೆ ಅಡಚಣೆಯಾಗಲಿಲ್ಲ. ಅವನದು ಇಂಟೆಲ್‌ನ ಹತ್ತನೆಯ ಪೀಳಿಗೆಯ ಸಂಸ್ಕಾರಕ. 2020ರ ಐಮ್ಯಾಕ್‌ನಲ್ಲಿಯೂ ಅದೇ ಪೀಳಿಗೆಯದನ್ನು ಬಳಸಿದ್ದಾರೆ. ಹನ್ನೆರಡನೆಯ ಪೀಳಿಗೆಯದಾಗಿದ್ದರೆ ಅದರೊಳಗಿನ ಚಿತ್ರಾಂಗವನ್ನು ಮ್ಯಾಕ್ ಗುರುತಿಸುತ್ತಲೇ ಇರಲಿಲ್ಲ. ಯಾವ ದುಭಾಷಿಯೂ ಅದನ್ನು ಸರಿಪಡಿಸಲಾರನು. ಭಾಗಗಳನ್ನು ಕೊಳ್ಳುವ ಮೊದಲೇ ನೋಡಬೇಕಾದ ಸಂಗತಿಯಿದು.

ಇನ್ನೊಂದು ಮಾತನ್ನು ನಾವು ಆ ಹುಡುಗನಿಂದ ಮುಚ್ಚಿಡಲಿಲ್ಲ. ಆಪಲ್ ಕಂಪನಿಯ ಪರವಾನಿಗೆಯ ಪ್ರಕಾರ ಈ ವ್ಯವಸ್ಥೆಯನ್ನು ಆ ಕಂಪನಿಯ ಯಂತ್ರಗಳಲ್ಲಿ ಮಾತ್ರ ಹಾಕಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಎಂಬ ಕಂಪನಿಯು 2008ರಲ್ಲಿ ಇಂಥ ಯಂತ್ರಗಳನ್ನು ಮಾರತೊಡಗಿತು. ಆಪಲ್ ದಾವೆ ಹೂಡಿತು. 2009ರಲ್ಲಿ ತೀರ್ಪು ಸೈಸ್ಟಾರಿಗೆ ವಿರುದ್ಧವಾಯಿತು. ಯಂತ್ರದ ಮರ್ಮ ತಿಳಿಯುವ ಕುತೂಹಲ ಬೇರೆ, ಅದನ್ನು ವ್ಯಾಪಾರ ಮಾಡುವುದು ಬೇರೆ. ಮೊದಲನೆಯದನ್ನೂ ಪರವಾನಿಗೆ ಒಪ್ಪುವುದಿಲ್ಲವೆಂಬುದನ್ನು ಅರಿತೇ ಕೈಹಾಕಬೇಕು.

ಅಲ್ಲದೆ ಈ ಕಾಲುವೆಯೇ ಬತ್ತುತ್ತಿದೆ. 2020ರಲ್ಲಿ ಆಪಲ್ ಕಂಪನಿಯು ತನ್ನದೇ ಸಂಸ್ಕಾರಕಕ್ಕೆ ಬದಲಾಯಿತು. ಇಂಟೆಲ್ ಯಂತ್ರಗಳಿಗೆ ದೊರೆಯುವ ಕೊನೆಯ ಆವೃತ್ತಿ ಟಾಹೋ ಎಂದು 2025ರ ಜೂನ್‌ನಲ್ಲಿ ತಿಳಿಸಿತು. ಜೀವನೋಪಾಯಕ್ಕೆ ಬೇಕೆನ್ನುವವರು ಹಣ ಕೂಡಿಸಿ ಹಳೆಯ ಎಂ1 ಮ್ಯಾಕ್ ಮಿನಿಯನ್ನು ಹುಡುಕುವುದು ಮೇಲು. ಹುಡುಗನಿಗೂ ಹಾಗೆಯೇ ಹೇಳಿದೆವು. ಕಲಿಯುವ ಮಟ್ಟಿಗೆ ಇದು ಸಾಕು ಎಂದು ಅವನು ಯಂತ್ರವನ್ನು ಮಾರದೆ ಇಟ್ಟುಕೊಂಡನು.

ಮರುದಿನ ಅವನೇ ಕುಳಿತು, ಯಾವ ಹದಿನೈದು ಕಿಂಡಿಗಳು ಬೇಕೆಂದು ಒಂದೊಂದಕ್ಕೂ ಪೆನ್ ಡ್ರೈವ್ ಚುಚ್ಚಿ ನೋಡಿ ನಕ್ಷೆ ಬರೆದನು. ಹಿಂಬದಿಯ ಎರಡು ಕಿಂಡಿಗಳು ಲೆಕ್ಕದಿಂದ ಹೊರಗುಳಿದವು. ಅಕ್ಕಪಕ್ಕದ ಗೆಳೆಯರು ಮರೆತು ಬಳಸದಿರಲೆಂದು ಅವುಗಳ ಮೇಲೆ ಕಾಗದದ ಚೂರು ಅಂಟಿಸಿದ್ದಾನೆ.