ಸೇಡಂ ನೆಲದೊಳಗಿನ ಕಡಲು

ಕಲಬುರಗಿ ಜಿಲ್ಲೆಯ ಸುಲೇಪೇಟ ಬಿಟ್ಟು ಸೇಡಂ ಕಡೆ ಹೊರಟರೆ ಎರಡೂ ಬದಿಗೆ ತೊಗರಿ ಹೊಲ, ಕಪ್ಪು ಎರೆ ಮಣ್ಣು. ಅರಬ್ಬಿ ಸಮುದ್ರ ಇಲ್ಲಿಂದ 400 ಕಿ.ಮೀ.ಗೂ ದೂರ. ಹಾಗಿದ್ದರೂ ಕಡಲಜೀವಿಗಳ ಚರಿತ್ರೆ ಹುಡುಕುವವರು ಈ ಹಾದಿಯಲ್ಲಿ ಬರಲೇಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಊರುಗಳು ನಿಂತಿರುವುದೇ ಹಳೆಯ ಸಮುದ್ರವೊಂದರ ತಳದ ಮೇಲೆ. ಆ ತಳದ ಕಲ್ಲುಗಳಿಗೆ ಭೀಮಾ ಶಿಲಾಸರಣಿ ಎಂದು ಹೆಸರು; ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಅದರ ಬಗ್ಗೆ ಬರೆದಿದ್ದ. ಅದರ ಕೆಳಭಾಗಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಸೇಡಂ ಉಪಗುಂಪು.

ಊರಾಚೆಯ ಒಂದು ಖಣಿಗೆ ಇಳಿದೆ. ಗೋಡೆಯ ತುಂಬ ಬೂದು, ನೀಲಿಬೂದು ಸುಣ್ಣಕಲ್ಲಿನ ಪದರಗಳು. ಸಂದಿಗೆ ಹಾರೆ ಕೊಟ್ಟು ಮೀಟಿದರೆ ಹಲಗೆ ಹಲಗೆಯಾಗಿ ಏಳುತ್ತವೆ. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇದೇ. ಒಂದು ಚೂರಿನ ಮೇಲೆ ದುರ್ಬಲ ಆಮ್ಲದ ಹನಿ ಬಿಟ್ಟೆ. ಚುರ್ ಎಂದು ನೊರೆ ಬಂತು. ಸಮುದ್ರದ ನೀರಿನಿಂದ ಕೆಳಗಿಳಿದು ಗಟ್ಟಿಯಾದ ಸುಣ್ಣ ಅದು. ಪಕ್ಕದ ಹಲಗೆಯಲ್ಲಿ ಸೊಪ್ಪಿನ ಟೊಂಗೆಯಂಥ ಕಪ್ಪು ಚಿತ್ತಾರವಿತ್ತು. ಬಹಳ ಜನ ಇದನ್ನು ಕಲ್ಲಾದ ಗಿಡ ಎಂದುಕೊಳ್ಳುತ್ತಾರೆ. ಅದು ಬಿರುಕಿನೊಳಗೆ ಹರಡಿದ ಮ್ಯಾಂಗನೀಸ್, ಜೀವಿಯಲ್ಲ.

ನಿಜವಾದ ಜೀವಿಗಳ ಗುರುತು ಇರುವುದು ಯಾರಿಗೂ ಬೇಡವಾದ ಜೇಡುಶಿಲೆಯಲ್ಲಿ. ತೆಳ್ಳನೆಯ ಚಕ್ಕೆಯೊಂದನ್ನು ಎತ್ತಿಕೊಂಡೆ. "ಅದು ನಮಗ ಬ್ಯಾಡ್ರಿ, ಮಳಿ ಬಂದ್ರ ಪುಡಿ ಆಗ್ತದ" ಎಂದ, ಕಲ್ಲು ಒಡೆಯುತ್ತಿದ್ದವ. ಶಹಾಬಾದ್ ಸುಣ್ಣಕಲ್ಲಿನ ಮೇಲೆ ಕೂತ ಹಲ್ಕಲ್ ಎಂಬ ಜೇಡುಶಿಲೆಯಲ್ಲಿ ಚುವಾರಿಯಾ, ತವುಯಾ ಎಂಬ ಪಳೆಯುಳಿಕೆಗಳು ಸಿಕ್ಕಿವೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಮೈಥಿ ಮತ್ತು ಬಾಬು 1996ರಲ್ಲಿ ಇವುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಚುವಾರಿಯಾ ಎಂದರೆ ಕೆಲವೇ ಮಿಲಿಮೀಟರ್ ಅಗಲದ, ಇಂಗಾಲದ ದುಂಡು ಕಪ್ಪು ಬಿಲ್ಲೆ. ತವುಯಾ ಅದಕ್ಕಿಂತ ಉದ್ದ, ತುದಿ ದುಂಡಗೆ. ಎರಡೂ ಒಂದೇ ಪಾಚಿಯ ಬೇರೆ ಬೇರೆ ಅವಸ್ಥೆಗಳಿರಬಹುದೆಂಬ ವಾದವೂ ಇದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಭೂವಿಜ್ಞಾನಿ ವಾಲ್ಕಾಟ್ 1899ರಲ್ಲಿ ಚುವಾರಿಯಾವನ್ನು ಮೊದಲು ವರ್ಣಿಸಿದಾಗ ಅದನ್ನು ಚಿಪ್ಪುಜೀವಿ ಎಂದೇ ಬಗೆದಿದ್ದ.

ಆ ಕಡಲಲ್ಲಿ ಮೀನಿಲ್ಲ, ಏಡಿಯಿಲ್ಲ, ಚಿಪ್ಪಿಲ್ಲ. ಅದರ ವಯಸ್ಸಿನ ಚರ್ಚೆ ಇನ್ನೂ ಮುಗಿದಿಲ್ಲವಾದರೂ 50 ಕೋಟಿ ವರ್ಷಕ್ಕಿಂತ ಬಹಳ ಹಿಂದಿನದು. ಬರಿಗಣ್ಣಿಗೆ ಕಾಣದ ಜೀವಿಗಳೇ ಆಳುತ್ತಿದ್ದ ನೀರಿನಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಪಾಚಿ ಬೆಳೆದದ್ದು ಸಣ್ಣ ಬದಲಾವಣೆಯೇನಲ್ಲ. ಅದು ಯಾವ ಪದರದಲ್ಲಿ ಶುರುವಾಯಿತು, ಎಲ್ಲಿ ಹೆಚ್ಚಿತು, ಎಲ್ಲಿ ನಿಂತಿತು ಎಂದು ತಿಳಿಯಬೇಕಾದರೆ ಒಂದೊಂದು ಪದರವನ್ನೂ ಅಳೆದು, ಗುರುತು ಹಾಕಿ, ಮಾದರಿ ತೆಗೆಯಬೇಕು. ಖಣಿಯ ಕಸದ ಗುಡ್ಡೆಗೆ ಬಿದ್ದ ಚಕ್ಕೆ ಯಾವ ಎತ್ತರದಿಂದ ಬಂತೆಂದು ಆಮೇಲೆ ಯಾರೂ ಹೇಳಲಾರರು.

ಮಳಖೇಡದಲ್ಲಿ ಕಾಗಿಣಾ ನದಿ ದಂಡೆಯ ಕೋಟೆ ನೋಡಿ ವಾಡಿ ಕಡೆ ತಿರುಗಿದೆ. ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ; ಅದನ್ನು ನಾವು ಪಠ್ಯದಲ್ಲಿ ಓದುತ್ತೇವೆ. ಅದರ ಬುಡದ ಕಡಲನ್ನು ಓದುವುದಿಲ್ಲ. ಸೇಡಂ, ಮಳಖೇಡ, ವಾಡಿ ಮೂರೂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಸಾವಿರಾರು ಮನೆಗಳಿಗೆ ಅನ್ನ ಕೊಡುವ ಖಣಿಗಳನ್ನು ಮುಚ್ಚಿ ಎಂದು ನಾನು ಕೇಳುವುದಿಲ್ಲ. ಹೊಸ ಗೋಡೆ ತೆರೆದಾಗಲೆಲ್ಲ, ಸಿಡಿಮದ್ದು ಇಡುವ ಮುನ್ನ, ಒಬ್ಬ ಭೂವಿಜ್ಞಾನಿಯೂ ಕಲಬುರಗಿಯ ನಾಲ್ಕು ವಿದ್ಯಾರ್ಥಿಗಳೂ ಟೇಪು ಹಿಡಿದು ಒಂದು ದಿನ ಅಲ್ಲಿ ನಿಲ್ಲಲಿ. ಕೆಲಸ ಮುಗಿದ ಒಂದು ಖಣಿಯ ಗೋಡೆಯನ್ನಾದರೂ ನೀರು ತುಂಬಲು ಬಿಡದೆ, ಹಾಗೇ ಅಧ್ಯಯನಕ್ಕೆ ಉಳಿಸಲಿ.