ಜೆಟ್ಟಿನ ತೂತು, ಎಂಜಿನ್ನಿನ ಆಯಸ್ಸು

ಮೈಸೂರಿನ ಯಾದವಗಿರಿಯಲ್ಲಿದ್ದ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೆ ಗಾಡಿಗಳು ನಿಲ್ಲಲಿಲ್ಲ. ಸರಗೂರು, ಹ್ಯಾಂಡ್‌ಪೋಸ್ಟ್, ಹುಣಸೂರು ಕಡೆಯ ಮಣ್ಣುದಾರಿಗಳಲ್ಲಿ ಯೆಜ್ಡಿಯ ಜೋಡಿ ಸೈಲೆನ್ಸರಿನ ಸದ್ದು ಕೇಳಿದರೆ ಜನ ಇವತ್ತಿಗೂ ತಿರುಗಿ ನೋಡುತ್ತಾರೆ. ಈ ಟೂ-ಸ್ಟ್ರೋಕ್ ಗಾಡಿಗಳನ್ನು ಉಳಿಸಿರುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಟ್ಯೂನಿಂಗ್ ಬಲ್ಲ ಮೆಕ್ಯಾನಿಕ್ಕುಗಳ ಕಿವಿ ಮತ್ತು ಕಣ್ಣು.

ಫೋರ್-ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಎಂಜಿನ್ನಿನ ತಳದಲ್ಲಿರುತ್ತದೆ. ಯೆಜ್ಡಿಯಲ್ಲಿ ಹಾಗಲ್ಲ, ಲೀಟರಿಗೆ 40-50 ಮಿಲಿಲೀಟರ್ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಅದು ಕಾರ್ಬೊರೇಟರ್ ಹಾದು ಒಳಗೆ ಹೋಗಿ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಜಿಡ್ಡು ಕೊಡುತ್ತದೆ. ಅಂದರೆ ಪೆಟ್ರೋಲ್ ಕಡಿಮೆಯಾದರೆ ಶಾಖ ಏರುತ್ತದೆ, ಆಯಿಲೂ ಕಡಿಮೆಯಾಗುತ್ತದೆ. ಎರಡೂ ಸೇರಿದರೆ ಪಿಸ್ಟನ್ ಉಬ್ಬಿ ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ, ಓಡುವ ಗಾಡಿಯ ಹಿಂದಿನ ಚಕ್ರ ಲಾಕ್ ಆಗುತ್ತದೆ. ಮೈಲೇಜ್ ಬರಲೆಂದು ಪೆಟ್ರೋಲ್ ಹಾಯುವ ತೂತು, ಅಂದರೆ ಮೇನ್ ಜೆಟ್, ಸಣ್ಣದು ಹಾಕಿಸುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಆಕ್ಸಿಲರೇಟರ್ ಬಿಟ್ಟಾಗ, ನಿಧಾನಕ್ಕೆ ಹೋಗುವಾಗ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಕಾಲು ಭಾಗದಿಂದ ಮುಕ್ಕಾಲರವರೆಗೆ ತಿರುಗಿಸಿದಾಗ ನೀಡಲ್ ಎಂಬ ಸೂಜಿಯ ಆಡಳಿತ. ಪೂರ್ತಿ ಎಳೆದಾಗ ಮೇನ್ ಜೆಟ್. ಗಾಡಿ ಎಲ್ಲಿ ಮುಗ್ಗರಿಸುತ್ತದೆ ಎಂಬುದರ ಮೇಲೆ ಯಾವ ಭಾಗಕ್ಕೆ ಕೈ ಹಾಕಬೇಕೆಂದು ತಿಳಿಯುತ್ತದೆ. ಆದರೆ ನಿಜವಾದ ಕೆಲಸಗಾರ ಮೊದಲು ಜೆಟ್ ಮುಟ್ಟುವುದಿಲ್ಲ. ಏರ್ ಫಿಲ್ಟರ್ ಬಿಚ್ಚಿ ನೋಡುತ್ತಾನೆ. ನಮ್ಮ ಕೆಮ್ಮಣ್ಣಿನ ಧೂಳು ಮೆತ್ತಿಕೊಂಡಿದ್ದರೆ ಗಾಳಿ ಕಟ್ಟಿ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಕ್ರ್ಯಾಂಕ್ ಸೀಲ್ ಅಥವಾ ಗ್ಯಾಸ್ಕೆಟ್ ಹೋಗಿದ್ದರೆ ಕಳ್ಳಗಾಳಿ ಎಳೆದು ಲೀನ್ ಆಗುತ್ತದೆ, ಪೆಟ್ರೋಲಿನ ಪಾಲು ತಗ್ಗುತ್ತದೆ. ಆ ದೋಷ ಹಾಗೇ ಇಟ್ಟುಕೊಂಡು ಜೆಟ್ ಬದಲಿಸಿ ಫಲವಿಲ್ಲ.

ಮೇನ್ ಜೆಟ್ ಪರೀಕ್ಷೆ ನೋಡಲು ಬಲು ಚಂದ. ಎಂಜಿನ್ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಜನ-ದನ ಇಲ್ಲದ ನೇರ ದಾರಿಯಲ್ಲಿ ಹೆಲ್ಮೆಟ್ ತೊಟ್ಟು ಪೂರ್ತಿ ಆಕ್ಸಿಲರೇಟರ್ ಕೊಡಬೇಕು. ಅದೇ ವೇಗದಲ್ಲಿ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಗಾಡಿ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಒಳಗಿನ ಬಿಳಿ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್, ಜೆಟ್ ದೊಡ್ಡದಾಗಬೇಕು. ಒದ್ದೆ ಮಸಿಯಾಗಿದ್ದರೆ ಚಿಕ್ಕದಾಗಬೇಕು. ಒಮ್ಮೆಗೆ ಒಂದೇ ಬದಲಾವಣೆ, ಮತ್ತೆ ಓಡಿಸಿ ನೋಡುವುದು. ಅವಸರದವರಿಗೆ ಈ ವಿದ್ಯೆ ಒಲಿಯದು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೀಚನಹಳ್ಳಿಯ ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಎಂದರೆ 700 ಮೀಟರಿನ ಹತ್ತಿರ. ಈ ಸೀಮೆಗೆ ಹೊಂದಿಸಿದ ಗಾಡಿ ಮಡಿಕೇರಿ ಏರಿದರೆ ಗಾಳಿ ತೆಳುವಾಗಿ ಕೊಂಚ ರಿಚ್ ಆಗುತ್ತದೆ. ಹೊಗೆ ಹೆಚ್ಚೀತು, ಅಪಾಯವಿಲ್ಲ. ಘಟ್ಟ ಇಳಿದು ಮಂಗಳೂರು ಸೇರಿದಾಗಲೇ ಎಚ್ಚರ ಬೇಕು: ಅಲ್ಲಿ ಗಾಳಿ ದಟ್ಟ, ಅದೇ ಜೆಟ್ ಲೀನ್. ಚಳಿಗಾಲದ ಮುಂಜಾವಿನಲ್ಲೂ ಹೀಗೆಯೇ.

ಹೀಗೆ ಜೆಟ್ ಹೊಂದಿಸುವುದು ಜಗತ್ತಿನ ಡರ್ಟ್ ಬೈಕ್ ಸವಾರರೂ ಬಳಸಿದ ವಿದ್ಯೆ. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿ.ಸಿ. ಮೊಟೊಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಸಿಜೆಡ್ ಬೈಕಿನಲ್ಲಿ. ಅದೂ ಜಾವಾದಂತೆ ಜೆಕೊಸ್ಲೊವಾಕಿಯದ್ದೇ ಟೂ-ಸ್ಟ್ರೋಕ್. ಆ ಜಾವಾ ಗಾಡಿಯನ್ನೇ ಮೈಸೂರು 1961ರಿಂದ ಕಟ್ಟಿತು, 1973ರಿಂದ ಯೆಜ್ಡಿ ಎಂದು ಹೆಸರಿಟ್ಟು ಮಾರಿತು.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಗಾಡಿ ಇದ್ದರೆ ಎರಡು ಮಾತು. ಜೆಟ್ ಕಟ್ಟಿಕೊಂಡರೆ ಉಕ್ಕಿನ ತಂತಿ ತೂರಿಸಬೇಡಿ. ಮೆತ್ತನೆಯ ಹಿತ್ತಾಳೆ ಗೀಚಿ ತೂತು ದೊಡ್ಡದಾಗುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಏರ್ ಹೊಡೆಸಿದರೆ ಸಾಕು. ಜೆಟ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆದು ಜೋಪಾನವಾಗಿಡಿ.